ಆ ಅರ್ಧ ಗಂಟೆ ಯಾರದು?

ವೈದ್ಯರು ಈಗ ಹೇಳುವ ಔಷಧಗಳಲ್ಲೆಲ್ಲ ತೀರ ಅಗ್ಗವಾದದ್ದು ನಡಿಗೆ. ರಕ್ತದೊತ್ತಡವೆಂದು ಹೋದವರಿಗೂ ಅದೇ ಮಾತು, ಸಕ್ಕರೆ ಏರಿದವರಿಗೂ ಅದೇ ಮಾತು, ಮದುವೆಗೆಂದು ಹೊಲಿಸಿಟ್ಟ ಕೋಟಿನ ಗುಂಡಿ ಕೂಡುವುದಿಲ್ಲವೆಂದು ದೂರುವವರಿಗೂ ಅದೇ ಮಾತು: "ದಿನಕ್ಕೆ ಅರ್ಧ ಗಂಟೆ ನಡೆಯಿರಿ, ತೂಕ ಇಳಿಸಿ." ಈ ಮಾತಿನ ಪರಿಣಾಮವನ್ನು ಕಣ್ಣಾರೆ ನೋಡಬೇಕಾದರೆ ಬೆಳಗಿನ ಐದೂವರೆಗೆ ಶಿವಾಜಿ ಪಾರ್ಕಿಗೋ ಮಾಟುಂಗಾದ ಫೈವ್ ಗಾರ್ಡನ್ಸಿಗೋ ಹೋಗಬೇಕು. ಮರೀನ್ ಡ್ರೈವಿನ ಮೂರೂವರೆ ಕಿಲೊಮೀಟರಿನ ಉದ್ದಕ್ಕೂ, ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಬೊರಿವಲಿಯ ರಾಷ್ಟ್ರೀಯ ಉದ್ಯಾನದ ದಾರಿಯಲ್ಲಿ, ಜುಹೂವಿನ ಮರಳಿನ ಮೇಲೆ ಬಿಳಿಯ ಬೂಟು ತೊಟ್ಟವರು ಕೈಬೀಸಿ ನಡೆಯುತ್ತಿರುತ್ತಾರೆ. ಕೆಲವರು ಮಣಿಕಟ್ಟಿನ ಯಂತ್ರ ನೋಡಿಕೊಂಡು ಹೆಜ್ಜೆ ಎಣಿಸುತ್ತಾರೆ, ಕೆಲವರು ಷೇರುಪೇಟೆಯ ಏರಿಳಿತ ಎಣಿಸುತ್ತಾರೆ. ಮಾಟುಂಗಾದವರಲ್ಲಿ ಹಲವರ ನಡಿಗೆ ನೇರವಾಗಿ ಇಡ್ಲಿ, ಬೆಣ್ಣೆದೋಸೆಗಳ ಮುಂದೆ ಹೋಗಿ ಮುಗಿಯುತ್ತದೆ ಎಂಬುದನ್ನು ಅಲ್ಲಿಯ ಉಡುಪಿ ಹೋಟೆಲುಗಳ ಬಾಗಿಲಲ್ಲಿ ನಿಂತ ಸಾಲನ್ನು ಕಂಡವರು ಬಲ್ಲರು. ಅದನ್ನು ಆಕ್ಷೇಪಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ.

ನನ್ನ ಪ್ರಶ್ನೆ ಬೇರೆ. ಈ ಔಷಧ ಅಗ್ಗ ಎಂದೆನಷ್ಟೆ. ಹಣದ ಲೆಕ್ಕದಲ್ಲಿ ಅದು ನಿಜ. ಆದರೆ ನಮ್ಮ ಈ ನಗರದಲ್ಲಿ ಹಣಕ್ಕಿಂತ ದುರ್ಲಭವಾದ ವಸ್ತುವೊಂದಿದೆ, ಅದು ವೇಳೆ. ಎಂಟು ಹನ್ನೆರಡರ ಲೋಕಲ್ ತಪ್ಪಿದರೆ ದಿನವೇ ತಪ್ಪಿದಂತೆ ಚಡಪಡಿಸುವ ಜನ ನಾವು. ಡೊಂಬಿವಲಿ, ವಿರಾರಿನ ಕಡೆಯವರಿಗೆ ಎಚ್ಚರವಿರುವ ಹೊತ್ತಿನಲ್ಲಿ ಮೂರು ಗಂಟೆ ರೈಲಿನಲ್ಲೇ ಸಂದುಹೋಗುತ್ತದೆ. ಇಂಥ ಊರಿನಲ್ಲಿ ಸಂಸಾರಸ್ಥನೊಬ್ಬ ಪ್ರತಿದಿನ ಅರ್ಧ ಗಂಟೆಯನ್ನು ತನ್ನ ಮೈಗೆಂದು ತೆಗೆದಿಟ್ಟುಕೊಂಡರೆ ಆ ಅರ್ಧ ಗಂಟೆ ಎಲ್ಲಿಂದ ಬಂತು? ಯಾರ ಪಾಲಿನದು ಅದು? ಆರೋಗ್ಯಕ್ಕಾಗಿ ನಡೆಯುವುದು ಕರ್ತವ್ಯವೋ, ಹಕ್ಕೋ, ಅಥವಾ ಒಳ್ಳೆಯ ಹೆಸರು ಪಡೆದ ಸ್ವಾರ್ಥವೋ?

ಮೊದಲು ಲೆಕ್ಕ ಮುಗಿಸಿಬಿಡೋಣ. ಬಿ.ಎಸ್‌ಸಿ. ಓದಿ ಕಡತಗಳ ನಡುವೆ ಕುಳಿತವನಿಗೆ ಲೆಕ್ಕದ ಚಪಲ ಬಿಡುವುದಿಲ್ಲ. ಎಪ್ಪತ್ತು ಕಿಲೊ ತೂಕದ ಮನುಷ್ಯ ಸ್ವಲ್ಪ ಬಿರುಸಾಗಿ ಅರ್ಧ ಗಂಟೆ ನಡೆದರೆ, ಸುಮ್ಮನೆ ಕುಳಿತಿದ್ದರೆ ಖರ್ಚಾಗುತ್ತಿದ್ದುದಕ್ಕಿಂತ ಹೆಚ್ಚಾಗಿ ಸುಮಾರು 100 ಕಿಲೊಕ್ಯಾಲೊರಿಯಷ್ಟು ಶಕ್ತಿ ಖರ್ಚಾಗುತ್ತದೆ. ಒಂದು ಕಿಲೊ ಮೈಕೊಬ್ಬಿನಲ್ಲಿರುವುದು ಸುಮಾರು 7,700. ಭಾಗಿಸಿದರೆ 77 ದಿನ ಬಂತು. ಅಂದರೆ ಊಟ ಉಪಾಹಾರದಲ್ಲಿ ಎಳ್ಳಷ್ಟೂ ಹೆಚ್ಚುಕಡಿಮೆ ಮಾಡದೆ ನಡೆದರೆ ಎರಡೂವರೆ ತಿಂಗಳಿಗೆ ಒಂದು ಕಿಲೊ ಇಳಿಯಬಹುದು. ಅತ್ತ ಒಂದು ವಡಾಪಾವಿನಲ್ಲಿ ಎರಡೂವರೆ ದಿನದ ನಡಿಗೆ ಅಡಗಿ ಕುಳಿತಿದೆ. ಸ್ಟೇಶನ್ನಿನ ಹೊರಗೆ ನಿಂತು ಅದನ್ನು ತಿನ್ನುವುದಕ್ಕೆ ನಾಲ್ಕು ನಿಮಿಷ ಸಾಕು. ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಂತ್ರ. ಅದು ಯಾವ ಪ್ರಯೋಗಶಾಲೆಯಿಂದಲೂ ಹೊರಟದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪೆನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದಕ್ಕಿಟ್ಟ ಜಪಾನಿ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ವ್ಯಾಪಾರದ ಹೆಸರು ವೇದವಾಕ್ಯವಾಯಿತು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರನ್ನು ಕುರಿತು ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ಸಾವಿರ ಚಿಲ್ಲರೆ ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಕಡಿಮೆಯಿತ್ತು, ಏಳೂವರೆ ಸಾವಿರದ ಆಚೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಹಾಗಾದರೆ ನಡಿಗೆಯಿಂದ ಪ್ರಯೋಜನವಿಲ್ಲವೆ? ಖಂಡಿತ ಇದೆ. ಅದು ತೂಕದ ಯಂತ್ರದ ಮೇಲೆ ಕಾಣುವಂಥದಲ್ಲ, ಅಷ್ಟೆ. 1953ರಲ್ಲಿ ಜೆರಿಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲಂಡನ್ನಿನ ಬಸ್ ನೌಕರರ ವಿಷಯ ಬರೆದರು. ಡ್ರೈವರ್ ದಿನವಿಡೀ ಕುಳಿತಿರುತ್ತಾನೆ, ಕಂಡಕ್ಟರ್ ದಿನವಿಡೀ ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರೂ ಒಂದೇ ಬಸ್ಸಿನವರು, ಒಂದೇ ಬೀದಿಯ ಹೊಗೆ ಕುಡಿದವರು. ಆದರೂ ಹೃದ್ರೋಗ ಕಂಡಕ್ಟರುಗಳಲ್ಲಿ ಕಡಿಮೆ, ಬಂದಾಗಲೂ ಅಷ್ಟು ಉಗ್ರವಾಗಿರಲಿಲ್ಲ. ನಮ್ಮ ಬೆಸ್ಟ್ ಸಂಸ್ಥೆಯೂ 1937ರಿಂದ ಇಂಥ ಬಸ್ಸುಗಳನ್ನು ಓಡಿಸಿತು, ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು ಕೊನೆಯ ಸಲ ಓಡಿದ್ದು 2023ರ ಸೆಪ್ಟೆಂಬರಿನಲ್ಲಿ. ಅವುಗಳ ಮೆಟ್ಟಿಲು ತುಳಿದ ನಮ್ಮ ಕಂಡಕ್ಟರುಗಳನ್ನೂ ಯಾರಾದರೂ ಹಾಗೆಯೇ ಗಮನಿಸಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ. ಅದೇ ಲೇಖನದಲ್ಲಿ ಅಂಚೆಯವರ ಸಂಗತಿಯೂ ಇದೆ: ಬೀದಿಬೀದಿ ಅಲೆದು ಟಪಾಲು ಹಂಚುವವರಿಗಿಂತ ಕುಳಿತು ಬರೆಯುವ ಗುಮಾಸ್ತರಿಗೆ ಹೃದ್ರೋಗ ಹೆಚ್ಚು. ಗುಮಾಸ್ತ ವರ್ಗಕ್ಕೆ ಸೇರಿದ ನಾನು ಇದನ್ನು ಓದಿ ಕುರ್ಚಿಯಿಂದ ಎದ್ದು ನಿಂತದ್ದು ಸಹಜವೆಂದು ವಾಚಕರು ಒಪ್ಪಿಯಾರು.

ಹೀಗೆ ಪ್ರಯೋಜನವಿದೆಯೆಂದ ಮೇಲೆ ಅದು ಕರ್ತವ್ಯವೂ ಆಯಿತೆ? ಹೌದು ಎನ್ನುವವರ ವಾದ ಬಲವಾದದ್ದು. ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರದಲ್ಲಿ ಒಬ್ಬ ಹಾಸಿಗೆ ಹಿಡಿದರೆ ಹಾಸಿಗೆ ಹಿಡಿದವನು ಒಬ್ಬನೇ ಅಲ್ಲ. ರಜೆ ಹಾಕುವವರು ಒಬ್ಬರು, ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುವವರು ಇನ್ನೊಬ್ಬರು, ಟ್ಯೂಶನ್ ಬಿಡುವ ಮಗು ಮತ್ತೊಂದು. ಐವತ್ತರಲ್ಲಿ ಪಾರ್ಶ್ವವಾಯು ಬಡಿದು ಇಪ್ಪತ್ತು ವರ್ಷ ಮನೆಯವರ ಕೈ ನೋಡುವುದಕ್ಕಿಂತ ಇಂದು ಅರ್ಧ ಗಂಟೆ ನಡೆಯುವುದು ಮುಂದಿನ ಋಣವನ್ನು ಮುಂಗಡವಾಗಿ ತೀರಿಸಿದಂತೆಯೇ. ದೇಹವನ್ನು ಧರ್ಮದ ಸಾಧನವೆಂದು ಹೇಳುವ ಆ ಪ್ರಸಿದ್ಧ ಮಾತನ್ನು ಈಗ ಗರಡಿಮನೆಗಳ ಗೋಡೆಯ ಮೇಲೂ ಬರೆಸುತ್ತಾರೆ. ಅದು ಕಾಳಿದಾಸನ 'ಕುಮಾರಸಂಭವ'ದ ಮಾತು. ಆದರೆ ಅಲ್ಲಿ ಅದನ್ನು ಹೇಳಿಸಿಕೊಳ್ಳುವವಳು ಯಾರು? ತಪಸ್ಸಿನಲ್ಲಿ ಮೈ ದಂಡಿಸಿಕೊಂಡು ಸೊರಗುತ್ತಿರುವ ಪಾರ್ವತಿ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ, ನಿನ್ನ ಶಕ್ತಿಗೆ ಮೀರಿ ಮಾಡುತ್ತಿಲ್ಲವಷ್ಟೆ ಎಂದು ಅವಳನ್ನು ವಿಚಾರಿಸುವ ಸಂದರ್ಭ ಅದು. ದಂಡಿಸು ಎನ್ನಲು ನಾವು ಉಪಯೋಗಿಸುವ ಮಾತು ಹುಟ್ಟಿದ್ದು, ಅಷ್ಟು ದಂಡಿಸಬೇಡ ಎನ್ನಲು!

ಪಶ್ಚಿಮದವರಲ್ಲಿ ಇಮ್ಯಾನುಯೆಲ್ ಕಾಂಟ್ ತನಗೆ ತಾನು ಸಲ್ಲಿಸಬೇಕಾದ ಕರ್ತವ್ಯಗಳೆಂದು ಒಂದು ವರ್ಗವನ್ನೇ ಮಾಡಿ 1797ರ ತನ್ನ ಗ್ರಂಥದಲ್ಲಿ ವಿವರಿಸಿದ. ಕ್ಯೋನಿಗ್ಸ್‌ಬರ್ಗಿನಲ್ಲಿ ಅವನ ನಿತ್ಯದ ನಡಿಗೆ ಎಷ್ಟು ನಿಯಮಿತವಾಗಿತ್ತೆಂದರೆ ನೆರೆಯವರು ಅದನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರಂತೆ. ಈ ಕಥೆ ಎಲ್ಲರಿಗೂ ಗೊತ್ತು. ಇದನ್ನು ಜನಪ್ರಿಯಗೊಳಿಸಿದ ಕವಿ ಹೈನೆ ಅಲ್ಲೇ ಇನ್ನೊಂದು ವಿವರ ಸೇರಿಸಿದ್ದಾನೆ. ಮೋಡ ಕವಿದ ದಿನಗಳಲ್ಲಿ ಮುದುಕ ಸೇವಕ ಲಾಂಪೆ ದೊಡ್ಡ ಕೊಡೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದನಂತೆ. ತತ್ತ್ವಜ್ಞಾನಿಯ ನಡಿಗೆ ಕರ್ತವ್ಯ, ಸರಿ. ಲಾಂಪೆಯ ನಡಿಗೆ ಯಾವ ವರ್ಗಕ್ಕೆ ಸೇರಿತು? ನನ್ನ ಪ್ರಶ್ನೆ ಇರುವುದು ಅಲ್ಲಿಯೇ.

ಅಲ್ಲಿಗೆ ಹೋಗುವ ಮುನ್ನ ಒಂದು ಮಾತು. ನಡೆಯುವವರಲ್ಲಿ ಕೆಲವರಿಗೆ ಒಂದು ಬಗೆಯ ಗರ್ವ ಅಂಟಿಕೊಳ್ಳುತ್ತದೆ. ದಪ್ಪಗಿರುವವನನ್ನು ಕಂಡರೆ ಅವನು ಸೋಮಾರಿ, ಜಿಹ್ವಾಚಪಲದವನು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಕಚೇರಿಗಳಲ್ಲಿ ಅಂಥವನ ತಟ್ಟೆಯಲ್ಲಿನ ಲಾಡು ಸಾರ್ವಜನಿಕ ಚರ್ಚೆಯ ವಿಷಯ. ಈ ತೀರ್ಪುಗಾರರು 2004ರಲ್ಲಿ 'ಲ್ಯಾನ್ಸೆಟ್'ನಲ್ಲೇ ಬಂದ ಒಂದು ಚಿತ್ರವನ್ನು ನೋಡಬೇಕು. ಪುಣೆಯ ವೈದ್ಯ ಡಾ. ಯಾಜ್ಞಿಕರೂ ಅವರ ಇಂಗ್ಲಿಷ್ ಮಿತ್ರ ಡಾ. ಯಡ್ಕಿನರೂ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಎತ್ತರಕ್ಕೆ ತೂಕದ ಅನುಪಾತ ಇಬ್ಬರದೂ ಒಂದೇ, 22.3. ಆದರೆ ಮೈಯೊಳಗಿನ ಕೊಬ್ಬು ಇಂಗ್ಲಿಷರದು ನೂರಕ್ಕೆ 9.1, ನಮ್ಮವರದು ನೂರಕ್ಕೆ 21.2. ನೋಡಲು ತೆಳ್ಳಗಿರುವ ಭಾರತೀಯನ ಒಳಗೆ ಎಷ್ಟು ದಪ್ಪದವನು ಕುಳಿತಿದ್ದಾನೆಂದು ಹೊರಗಿನಿಂದ ಹೇಳಲಾಗದು. ಮೈಯ ಗಾತ್ರದಲ್ಲಿ ತಾಯಿಯ ಗರ್ಭದಲ್ಲಿ ದೊರೆತ ಪೋಷಣೆ, ವಂಶ, ರಾತ್ರಿ ಪಾಳಿಯ ಕೆಲಸ, ನುಂಗುವ ಮಾತ್ರೆ, ಎಲ್ಲವೂ ಸೇರಿರುತ್ತವೆ. ಆದ್ದರಿಂದ ತೂಕವನ್ನು ನೀತಿಯ ಮಾಪಕವಾಗಿ ಉಪಯೋಗಿಸುವುದು ಅನ್ಯಾಯ. ನಡೆಯಲು ಹೊರಟವನ ನೀತಿಯನ್ನು ಅಳೆಯಲೇಬೇಕೆಂದಿದ್ದರೆ ಅವನ ಸೊಂಟವನ್ನು ಬಿಟ್ಟು ಅವನ ಹಿಂದೆ ಮನೆಯಲ್ಲಿ ಏನಾಗುತ್ತಿದೆಯೆಂದು ನೋಡಬೇಕು.

ಏನಾಗುತ್ತಿರುತ್ತದೆ? ಮುಂಬಯಿಯ ಬಹಳಷ್ಟು ಕಟ್ಟಡಗಳಲ್ಲಿ ನಲ್ಲಿಯ ನೀರಿಗೆ ನಿಗದಿಯಾದ ಹೊತ್ತಿದೆ. ಹಲವು ಕಡೆ ಅದು ನಸುಕಿನ ಹೊತ್ತು. ಪಿಂಪು, ಬಕೆಟ್ಟುಗಳನ್ನು ತುಂಬಬೇಕು. ಹಾಲು ತರಬೇಕು, ಕಾಯಿಸಬೇಕು. ಏಳು ಗಂಟೆಯ ಶಾಲೆಯ ಮಗುವನ್ನು ಎಬ್ಬಿಸಿ ತಲೆ ಬಾಚಿ ಕಳಿಸಬೇಕು. ಎರಡೋ ಮೂರೋ ಡಬ್ಬಿಗಳಿಗೆ ಚಪಾತಿ, ಪಲ್ಯ ಆಗಬೇಕು. ಗಂಡಸರು ಪ್ರಸನ್ನಚಿತ್ತರಾಗಿ ಉದ್ಯಾನದ ಸುತ್ತ ತಿರುಗುವ ಐದೂವರೆಯಿಂದ ಆರೂವರೆಯ ಹೊತ್ತು ಮನೆಯಲ್ಲಿ ಅತ್ಯಂತ ಗಡಿಬಿಡಿಯ ಹೊತ್ತು. ಪಕ್ಕದ ಮನೆಯ ಅಕ್ಕನಿಗೆ ಗಂಡ, "ನೀನೂ ಬಾರೇ, ಮೈ ಹಗುರಾಗುತ್ತದೆ" ಎಂದು ಕರೆದರಂತೆ. "ನೀವು ಹೋಗಿಬನ್ನಿ. ನನ್ನ ನಡಿಗೆ ನಲ್ಲಿಯಿಂದ ಒಲೆಗೆ, ಒಲೆಯಿಂದ ನಲ್ಲಿಗೆ ಆಗುತ್ತಾ ಇದೆ" ಎಂದು ಆಕೆ ಉತ್ತರ ಕೊಟ್ಟರು. ನಕ್ಕುಕೊಂಡೇ ಹೇಳಿದ ಮಾತು. ಆದರೂ ಮಾತು ಮಾತೇ.

ಇದು ಒಂದು ಮನೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2019ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನರು ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ. ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈ ಹಾಕುವವರೇ ಕಡಿಮೆ. ಹಾಕಿದವರ ಸರಾಸರಿ 97 ನಿಮಿಷ. ನಡುವಿನ ಅಂತರ 202 ನಿಮಿಷ. ಅರ್ಧ ಗಂಟೆಯ ನಡಿಗೆ ಆರಕ್ಕಿಂತ ಹೆಚ್ಚು ಸಲ ಆ ಅಂತರದಲ್ಲಿ ಹಿಡಿಸುತ್ತದೆ. ಗಂಡಸರು ನಡೆಯುವ ವೇಳೆ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಸರಕಾರವೇ ಉತ್ತರ ಕೊಟ್ಟಂತಾಯಿತು.

ಎರಡು ಸಂಬಳ ಬರುವ ಮನೆಗಳಲ್ಲಿ ಮನೆಯೊಡತಿಯೂ ನಡೆಯಲು ಹೊರಡುತ್ತಾಳೆ. ಒಳ್ಳೆಯದೇ. ಆದರೆ ಅಲ್ಲಿ ಪಾತ್ರೆಗೆ, ನೆಲಕ್ಕೆ, ಅಡಿಗೆಗೆ ಬಾಯಿ ಬರುತ್ತಾಳೆ. ಬೆಸ್ಟ್ ಬಸ್ಸಿನ ಕನಿಷ್ಠ ದರ 2025ರ ಮೇ ತಿಂಗಳಲ್ಲಿ 5 ರೂಪಾಯಿಯಿಂದ 10 ರೂಪಾಯಿಗೆ ಏರಿದೆ. ದಿನಕ್ಕೆ ನಾಲ್ಕು ಮನೆ ಮಾಡುವವಳಿಗೆ ಹೋಗಿಬರುವ 20 ರೂಪಾಯಿ ಸಣ್ಣ ಮೊತ್ತವಲ್ಲ, ಆದ್ದರಿಂದ ಎರಡು ನಿಲ್ದಾಣದ ದೂರವನ್ನು ನಡೆದೇ ಬರುತ್ತಾಳೆ. ಅವಳು ತನ್ನ ಮಕ್ಕಳಿಗೆ ಡಬ್ಬಿ ಕಟ್ಟಿ ಇಲ್ಲಿಗೆ ಆರೂವರೆಗೆ ತಲುಪಬೇಕಾದರೆ ಎಷ್ಟು ಹೊತ್ತಿಗೆ ಎದ್ದಿರಬೇಕು? ಒಬ್ಬರ ಅರ್ಧ ಗಂಟೆ ಇನ್ನೊಬ್ಬರಿಂದ, ಅವರದು ಮತ್ತೊಬ್ಬರಿಂದ, ಹೀಗೆ ಇಳಿಯುತ್ತ ಹೋಗಿ ಕೊನೆಗೆ ಯಾರದೋ ನಿದ್ದೆಯಲ್ಲಿ ನಿಲ್ಲುತ್ತದೆ. ಆ ಕೊನೆಯವಳ ಹೆಜ್ಜೆಗಳನ್ನು ಯಾವ ಯಂತ್ರವೂ ಎಣಿಸುವುದಿಲ್ಲ.

ಇದನ್ನು ಓದಿ ಯಾರಾದರೂ ಸಿಡಿಮಿಡಿಗೊಂಡರೆ ನನಗೆ ಆಶ್ಚರ್ಯವಿಲ್ಲ. ಕಚೇರಿಯ ಸ್ನೇಹಿತರೊಬ್ಬರು ಈ ವಾದ ಕೇಳಿ, "ಏನ್ರೀ ರಾಯರೇ, ಹಗಲೆಲ್ಲ ಸಾಹೇಬರದು, ಸಂಜೆಯೆಲ್ಲ ರೈಲಿನದು, ರಾತ್ರಿಯೆಲ್ಲ ಸಂಸಾರದ್ದು. ನನ್ನದು ಅಂತ ಅರ್ಧ ಗಂಟೆಯೂ ಇರಬಾರದೆ?" ಎಂದರು. ಇದಕ್ಕೆ ಸುಲಭದ ಉತ್ತರವಿಲ್ಲ. ಒಂದು ಕೋಣೆಯ ಮನೆಯಲ್ಲಿ ಅಳುವುದಕ್ಕೂ ಏಕಾಂತ ಸಿಕ್ಕದು. ಸಮುದ್ರದ ಅಂಚಿನಲ್ಲಿ ಒಬ್ಬನೇ ನಡೆಯುವಾಗ ಮನುಷ್ಯ ತನ್ನ ಹೆಸರನ್ನು ತಾನೇ ಒಮ್ಮೆ ಕೇಳಿಸಿಕೊಳ್ಳುತ್ತಾನೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಕುವೆಂಪು ನಡೆಯುತ್ತಿದ್ದರೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಆ ನಡಿಗೆ ಇಲ್ಲದಿದ್ದರೆ ನಮ್ಮ ಸಾಹಿತ್ಯ ಅಷ್ಟರ ಮಟ್ಟಿಗೆ ಬಡವಾಗುತ್ತಿತ್ತೋ ಏನೋ. ಹಾಗಾಗಿ ಮನುಷ್ಯನಿಗೆ ತನ್ನದೆಂಬ ಅರ್ಧ ಗಂಟೆ ಬೇಕೇ ಬೇಕು ಎಂದು ಸ್ನೇಹಿತರ ಮಾತನ್ನು ಒಪ್ಪುತ್ತೇನೆ. ಒಪ್ಪಿದ ಮೇಲೆ ಒಂದನ್ನಷ್ಟೇ ಕೇಳಬೇಕಾಗುತ್ತದೆ: ನಲ್ಲಿಯ ಬುಡದಲ್ಲಿ ನಿಂತಿರುವವಳೂ ಮನುಷ್ಯಳೇ ಅಲ್ಲವೆ? ಅವಳ ಅರ್ಧ ಗಂಟೆ ಯಾವಾಗ?

ಗಾಂಧೀಜಿಯವರ ಆತ್ಮಕಥೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಚಿಕ್ಕ ವಿವರವಿದೆ. ಲಂಡನ್ನಿನಲ್ಲಿ ಓದುತ್ತಿದ್ದಾಗ ಅವರು ಖರ್ಚು ತಗ್ಗಿಸಲು ಕೋಣೆ ಬದಲಾಯಿಸಿದರು. ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದಾದಂಥ ಕಡೆಯೇ ಹೊಸ ಕೋಣೆ ಹುಡುಕಿದರು. ಗಾಡಿಯ ಬಾಡಿಗೆ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿಯ ನಡಿಗೆಯಾಯಿತು, ಅಲ್ಲಿದ್ದಷ್ಟು ದಿನ ಕಾಯಿಲೆ ಬೀಳದಿರಲು ಅದೇ ಕಾರಣವೆಂದು ಅವರೇ ಬರೆದುಕೊಂಡಿದ್ದಾರೆ. ಇಲ್ಲಿ ಆ ಅರ್ಧ ಗಂಟೆ ಯಾರಿಂದಲೂ ಕಿತ್ತದ್ದಲ್ಲ. ಹೇಗಿದ್ದರೂ ದಾರಿಯಲ್ಲಿ ಕಳೆಯಬೇಕಾದ ಹೊತ್ತನ್ನು ಕಾಲಿಗೆ ಕೊಟ್ಟದ್ದು. ನಮ್ಮಲ್ಲಿ ಅನೇಕರಿಗೆ ಇದು ಸಾಧ್ಯ. ಚರ್ಚ್‌ಗೇಟಿನ ಕಡೆಯ ಕಚೇರಿಯಿಂದ ಸಿ.ಎಸ್.ಎಂ.ಟಿ.ಯವರೆಗೆ ನಾನು ನಡೆದೇ ಬರುತ್ತೇನೆ. ಇಪ್ಪತ್ತು ನಿಮಿಷ ಸಾಲದು, ಇಪ್ಪತ್ತೈದು ಬೇಕಾಗದು. ಬಸ್ಸಿಗೆ ಕಾದು, ಸಿಗ್ನಲುಗಳಲ್ಲಿ ನಿಂತು ಬರುವವರೂ ನಾನೂ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತೇವೆ.

ಆದರೆ ಹೀಗೆ ನಡೆಯಲು ದಾರಿ ಬೇಕು. ಫುಟ್‌ಪಾತ್ ಎನ್ನುವುದು ಒಂದು ಕಡೆ ಅಗೆದಿರುತ್ತದೆ, ಇನ್ನೊಂದು ಕಡೆ ಅಂಗಡಿಯಾಗಿರುತ್ತದೆ, ಮತ್ತೊಂದು ಕಡೆ ಮೋಟರ್ ಸೈಕಲುಗಳ ತಂಗುದಾಣ. ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟಾದ ಕಾಲುಸೇತುವೆಯ ಮೇಲೆ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆಗೆ ಜನ ಒತ್ತಾಗಿ ನಿಂತು, ನೂಕುನುಗ್ಗಲಿನಲ್ಲಿ 23 ಮಂದಿ ಸತ್ತರು. ಅವರು ಕೆಲಸಕ್ಕೆ ನಡೆದು ಹೋಗುತ್ತಿದ್ದವರು, ಬೇರೇನೂ ಅಲ್ಲ. ನಿತ್ಯದ ದಾರಿ ನಡೆಯಲು ಯೋಗ್ಯವಾಗಿಲ್ಲದ್ದರಿಂದಲೇ ನಡಿಗೆ ಎಂಬುದು ಬೇರೆ ಜಾಗ, ಬೇರೆ ಹೊತ್ತು, ಬೇರೆ ಬೂಟು ಬೇಡುವ ಪ್ರತ್ಯೇಕ ವ್ರತವಾಗಿಬಿಟ್ಟಿದೆ. ವ್ರತವಾದಾಗಲೇ ಅದಕ್ಕೆ ಇನ್ನೊಬ್ಬರ ವೇಳೆ ಬೇಕಾಗುವುದು.

ನಡೆಯುವವನು ವೇಳೆಯನ್ನು ಯಾರಿಂದ ತೆಗೆದುಕೊಳ್ಳಬೇಕು ಎಂಬ ಬಗ್ಗೆ ಯೋಚಿಸುವಾಗ ನನ್ನ ಮನಸ್ಸಿಗೆ ಬರುವುದು ಉದ್ಯಾನದ ಬಿಳಿಬೂಟಿನವರಲ್ಲ. 2018ರ ಮಾರ್ಚ್ 6ರಂದು ನಾಸಿಕದಿಂದ ಸಾವಿರಾರು ರೈತರು, ಅವರಲ್ಲಿ ಬಹುಮಂದಿ ಆದಿವಾಸಿಗಳು, ಸಾಲದ ಮನ್ನಾ ಮತ್ತು ಅರಣ್ಯಭೂಮಿಯ ಹಕ್ಕು ಕೇಳಲು ಮುಂಬಯಿಗೆ ನಡೆದು ಹೊರಟರು. ಸುಮಾರು 180 ಕಿಲೊಮೀಟರು. ಭಾನುವಾರ, 11ನೆಯ ತಾರೀಕು, ಸಯನ್ ಬಳಿಯ ಸೋಮಯ್ಯ ಮೈದಾನ ತಲುಪುವ ಹೊತ್ತಿಗೆ ಹಲವರ ಚಪ್ಪಲಿ ಹರಿದು ಅಂಗಾಲು ಸುಲಿದಿತ್ತು. ರಾತ್ರಿ ಅಲ್ಲಿ ಮಲಗಿ ಬೆಳಿಗ್ಗೆ ಮೆರವಣಿಗೆಯಲ್ಲಿ ಆಜಾದ್ ಮೈದಾನಕ್ಕೆ ಹೋಗುವ ಏರ್ಪಾಡಿತ್ತು. ಆದರೆ ಮಾರನೆಯ ದಿನ ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆ. ರಸ್ತೆ ತುಂಬಿದರೆ ಮಕ್ಕಳು ಕೇಂದ್ರಕ್ಕೆ ತಲುಪುವುದು ಹೇಗೆ? ಆರು ದಿನ ನಡೆದ ಆ ಜನ ಮಲಗಲಿಲ್ಲ. ನಡುರಾತ್ರಿಯೇ ಎದ್ದು, ಸದ್ದಿಲ್ಲದೆ ದಾದರ್, ಪರೇಲ್, ಭಾಯಖಳಾ ದಾಟಿ ಬೆಳಕು ಹರಿಯುವ ಮುನ್ನವೇ ಮೈದಾನ ಸೇರಿದರು. ಬೆಳಿಗ್ಗೆ ಈ ನಗರದ ಮಕ್ಕಳು ಎಂದಿನಂತೆ ಪರೀಕ್ಷೆಗೆ ಹೋದರು. ಆ ರೈತರು ತಮ್ಮ ನಡಿಗೆಗೆ ಬೇಕಾದ ವೇಳೆಯನ್ನು ತಮ್ಮ ನಿದ್ದೆಯಿಂದ ತೆಗೆದುಕೊಂಡರು, ಈ ಊರಿನ ಬೆಳಗನ್ನು ಮುಟ್ಟಲಿಲ್ಲ.

ಅಷ್ಟು ದೊಡ್ಡ ಉದಾಹರಣೆ ಸಂಸಾರಿಗಳಾದ ನಮಗೆ ಬೇಕಿಲ್ಲದಿರಬಹುದು. ನೀರು ತುಂಬಿಸಿಯೇ ನಡೆಯಲು ಹೋಗುತ್ತೇನೆ ಎನ್ನುವವರು, ಒಂದು ದಿನ ನಾನು ಒಂದು ದಿನ ನೀನು ಎಂದು ವಾರವನ್ನು ಹಂಚಿಕೊಂಡವರು ನಮ್ಮ ಪರಿಚಯದವರಲ್ಲೇ ಇದ್ದಾರೆ. ಅವರ ತೂಕ ಇಳಿಯಿತೇ ಎಂದು ನಾನು ಕೇಳಿಲ್ಲ. ನಮ್ಮ ವಸತಿಯಲ್ಲಿ ಈಗೊಂದು ವರ್ಷದಿಂದ ರಾತ್ರಿ ಒಂಬತ್ತರ ಮೇಲೆ ಕೆಲವು ಹೆಂಗಸರು ಒಳರಸ್ತೆಯಲ್ಲಿ ನಡೆಯತೊಡಗಿದ್ದಾರೆ. ಆ ಹೊತ್ತಿನಲ್ಲಿ ಕೆಲವು ಮನೆಗಳಲ್ಲಿ ಗಂಡಸರು ಪಾತ್ರೆ ತೊಳೆಯುತ್ತಾರೆ, ಕೆಲವು ಮನೆಗಳಲ್ಲಿ ಪಾತ್ರೆಗಳು ಒಡತಿ ಬರುವವರೆಗೆ ಕಾದಿರುತ್ತವೆ. ಒಳರಸ್ತೆಯ ಐದು ದೀಪದ ಕಂಬಗಳಲ್ಲಿ ಮೂರು ಉರಿಯುತ್ತಿರಲಿಲ್ಲ. ಹಗಲಿನಲ್ಲಿ ನಡೆಯುವವರಿಗೆ ಅದು ಕಾಣುವಂಥದೂ ಅಲ್ಲ. ಎಲ್ಲರ ಸಹಿ ಹಾಕಿಸಿ ಒಂದು ಅರ್ಜಿ ಕೊಟ್ಟೆವು. ಒಂದು ದೀಪ ಹತ್ತಿದೆ. ಉಳಿದೆರಡರ ಕೆಳಗೆ ಬಂದಾಗ ಅವರು ಮಾತು ನಿಲ್ಲಿಸಿ ಬೇಗ ಬೇಗ ನಡೆಯುತ್ತಾರೆ.